ಮುದಿ ಕಾರಿನ ಮೇಲೆ ಬಂದ ಕೊಲೆ ಆರೋಪ

ಒಂದಾನೊಂದು ಊರಿನಲ್ಲಿ, ಅಣ್ಣ ತಂಗಿ ನಡೆಸುತ್ತಿದ್ದ ಗ್ಯಾರೇಜಿನಲ್ಲಿ, ಒಂದು ಮುದಿ ಕಾರು ಇತ್ತಂತೆ; ತಾನು ನಿಂತಿದ್ದೇನೋ ಹೊರಟಿದ್ದೇನೋ ಎಂಬುದೇ ಅದಕ್ಕೆ ಮರೆತುಹೋಗುತ್ತಿತ್ತಂತೆ. ಯಾವ ಗೇರಿನಲ್ಲಿದೆ ಎಂದು ತಿಳಿಸುವ ಸೆನ್ಸರ್ ಕೆಟ್ಟು, ಕೀಲಿ ತಿರುವಿದರೆ ಒಮ್ಮೊಮ್ಮೆ ಮುನ್ನುಗ್ಗುತ್ತಿತ್ತು.

"ಇದನ್ನ ನೆಟ್ಟಗೆ ಓಡಿಸೋ ತನಕ ನಿನ್ನ ಮೆಕ್ಯಾನಿಕ್ ಅಂತ ಒಪ್ಪಲ್ಲ ಕಣೆ," ಎಂದು ಅಣ್ಣ ರೇಗಿಸಿದ.

"ಓಡಿಸ್ತೀನಿ, ನೋಡ್ತಿರು," ಎಂದು ಮಾತು ಕೊಟ್ಟು ತಂಗಿ ವೈರು ತರಲು ಹೋದಳು.

ಬಂದಾಗ ಅಣ್ಣ ಕಾರಿನ ಮೂತಿಗೂ ಗೋಡೆಗೂ ನಡುವೆ ಜಜ್ಜಿಹೋಗಿದ್ದ. ಎದೆಗೂಡು ಕುಸಿದಿತ್ತು, ಹಿಂದಲೆ ಒಡೆದು ರಕ್ತ ಕಾಲರಿಗೆ ಇಳಿದಿತ್ತು. ಅವನನ್ನು ಎಳೆಯಲು ಹೋಗಿ ಅವಳ ಕೈ ಮೊಣಕೈವರೆಗೂ ಕೆಂಪಾಯಿತು.

"ಇವಳೇ ಸಾರ್!" ಅದೇ ಗ್ಯಾರೇಜಿನಲ್ಲಿ ಡೊಂಕು ತಗಡು ಬಡಿದು ನೇರ ಮಾಡುವ ಟಿಂಕರ್ ಇನ್‌ಸ್ಪೆಕ್ಟರ್ ಮುಂದೆ ಕೂಗಾಡಿದ. "ಇಂಜಿನ್ ಗರ್ಜಿಸ್ತು, ಓಡಿ ಬಂದೆ. ಡ್ರೈವರ್ ಸೀಟಿಂದ ಇಳೀತಿದ್ಲು!"

ಬೇಡಿ ಹೊರಬಂತು. ಆಗ ಮಹಡಿಯ ಕೋಣೆಯಿಂದ ಸೋದರತ್ತೆ ಇಳಿದು ಬಂದಳು. ಪೊಲೀಸರು ಕೈಚೆಲ್ಲಿದ ಎಷ್ಟೋ ಕೇಸುಗಳನ್ನು ಬಿಡಿಸಿದವಳು. ಕಿವಿ ಮಂದ, ಕಣ್ಣು ಚುರುಕು. ಗೋಡೆ ನೋಡಿದಳು: ಎದೆಮಟ್ಟದಲ್ಲಿ ರಕ್ತ, ತಲೆಯ ಎತ್ತರದಲ್ಲಿ ಸುಣ್ಣ ಬೆಳ್ಳಗೆ. ಕಾರೊಳಗೆ ಇಣುಕಿದಳು: ಗೇರು ನ್ಯೂಟ್ರಲ್‌ನಲ್ಲಿತ್ತು. ಹೆಣದ ತಲೆಯ ಗಾಯ ನೋಡಿ, ಪ್ಯಾಂಟಿನ ಜೇಬನ್ನೂ ಮುಟ್ಟಿದಳು. ಆಮೇಲೆ ಎಲ್ಲರನ್ನೂ ಕಾರಿನ ಸುತ್ತ ನಿಲ್ಲಿಸಿದಳು.

"ಕೀಲಿ ತಿರುವಿ, ಇನ್‌ಸ್ಪೆಕ್ಟ್ರೇ."

ಕಾರು ಕಮಕ್ ಕಿಮಕ್ ಎನ್ನಲಿಲ್ಲ.

"ಬ್ಯಾಟರಿ ಸತ್ತಿದೆ," ಎಂದ ಟಿಂಕರ್.

ಅತ್ತೆ ಕಾರಿನ ದೀಪದ ಸ್ವಿಚ್ಚು ಒತ್ತಿದಳು. ಗೋಡೆಯ ರಕ್ತ ಝಗ್ಗನೆ ಬೆಳಗಿತು.

"ನಿನ್ನಣ್ಣ ಬಿಚ್ಚಿದ ಸೆನ್ಸರ್ ಎಲ್ಲಿಡ್ತಿದ್ದ, ಮಗಳೇ?"

"ಜೇಬಲ್ಲಿ, ಅತ್ತೆ. ವಾಪಸ್ ಹಾಕೋವರೆಗೂ ಬೇರೆ ಕಡೆ ಇಡ್ತಿರಲಿಲ್ಲ."

ಅತ್ತೆ ಜೇಬಿನಿಂದ ಸೆನ್ಸರ್ ತೆಗೆದಳು. "ಇದಿಲ್ಲದೆ ಈ ಕಾರು ಸ್ಟಾರ್ಟೇ ಆಗಲ್ಲ. ಹಾಗಿದ್ರೆ ಗರ್ಜಿಸಿದ್ದು ಯಾರ ಇಂಜಿನ್ನಪ್ಪಾ? ಗೇರು ನ್ಯೂಟ್ರಲ್‌ನಲ್ಲಿದೆ, ನೆಲ ಗೋಡೆ ಕಡೆಗೆ ಇಳಿಜಾರು, ತಳ್ಳಿದ್ರೆ ಸಾಕು. ತಲೆ ಗೋಡೆಗೆ ತಾಗೇ ಇಲ್ಲ, ಮತ್ತೆ ಒಡೆದದ್ದು ಹೇಗೆ? ಗಾಯ ಬಟ್ಟಲಿನ ಹಾಗೆ ಗುಂಡಗಿದೆ, ನಿನ್ನ ಸುತ್ತಿಗೆ ಮೂತಿ ಹಾಗೆ."

"ಯಾಕೆ ಕೊಂದ?" ಎಂದರು ಇನ್‌ಸ್ಪೆಕ್ಟರ್.

ತಂಗಿಗೆ ಬೆಳಗಿನ ಜಗಳ ನೆನಪಾಯಿತು. "ಯಾರನ್ನೋ ಗುದ್ದಿ ಸಾಯಿಸಿದ ಗಾಡಿ ಬಂಪರಿಗೆ ಇವನು ಗುಟ್ಟಾಗಿ ಬಣ್ಣ ಬಳಿದಿದ್ದ. ಪೊಲೀಸರಿಗೆ ಹೇಳ್ತೀನಿ ಅಂದಿದ್ದ ಅಣ್ಣ."

ಟಿಂಕರ್ ಸ್ಕ್ರೂಡ್ರೈವರ್ ಎತ್ತಿ ಬಾನೆಟ್ಟಿನ ಮೇಲಿಂದಲೇ ಅತ್ತೆಯ ಕೊರಳಿಗೆ ಚಾಚಿದ. ತಂಗಿ ಪಕ್ಕದಲ್ಲಿದ್ದ ನಟ್ಟು ತಿರುಗಿಸುವ ಪಾನಾ ಎತ್ತಿ ಬೀಸಿದಳು. ಟಿಂಕರನ ಮಣಿಕಟ್ಟು ಲಟಕ್ಕೆಂದು ಮುರಿಯಿತು; ಅವನ ಚೀರಾಟ ಅತ್ತೆಗೂ ಕೇಳಿಸಿತು.

ಕೇಸು ಮುಗಿದು ಪೊಲೀಸರಿಂದ ಸೆನ್ಸರ್ ಕೈಗೆ ಬಂದ ದಿನ ತಂಗಿ ಕಾರಿನಡಿ ಮಲಗಿದಳು. ರಬ್ಬರ್ ಹೊದಿಕೆಯೊಳಗೇ ತುಂಡಾಗಿದ್ದ ಸೆನ್ಸರಿನ ವೈರು ಸಿಕ್ಕಿತು. ಅದನ್ನು ಬೆಸೆದು, ಸೆನ್ಸರ್ ಕೂರಿಸಿ, ಕೀಲಿ ತಿರುವಿದಳು. ಅತ್ತೆ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಇಂಜಿನ್ನಿನ ಮಿಡಿತ ಆಲಿಸಿದಳು. ಕಾರು ನಿಂತಲ್ಲೇ ನಿಂತಿತು. ಅತ್ತೆ ಪಕ್ಕಕ್ಕೆ ಸರಿದಳು. ತಂಗಿ ಕಣ್ಣೊರೆಸಿಕೊಂಡು ಗೇರು ಹಾಕಿದಳು. ಆಗಷ್ಟೇ, ಅದು ಮೆಲ್ಲಗೆ ಹೊರಟಿತು.