ಮೇಲಿನ ಮನೆಯ ಗುಂಡ

ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ ನನ್ನ ತಲೆಯ ಮೇಲೆ ಯಾರೋ ಕುರ್ಚಿ ಎಳೆಯತೊಡಗಿದರು.

ನೈಟ್ ಡ್ಯೂಟಿ ಮುಗಿಸಿ ಬಂದು, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ತುರುಕಿಕೊಂಡು ಮಲಗಿ ಒಂದು ಗಂಟೆಯೂ ಆಗಿರಲಿಲ್ಲ. ಗರ್ರ್ ಎಂದು ಎಳೆಯುವುದು, ಟಕ್ ಎಂದು ಬಡಿಯುವುದು, ಮತ್ತೆ ಗರ್ರ್. ಈ ಮನೆಗೆ ಬಂದ ಮೂರನೆಯ ದಿನವೂ ಹಾಗೇ ಆದಾಗ ನನ್ನ ಪಿತ್ತ ನೆತ್ತಿಗೇರಿತು. ಕೆದರಿದ ತಲೆಯಲ್ಲೇ ಮೆಟ್ಟಿಲು ಹತ್ತಿ ಹೋಗಿ ಬಾಗಿಲು ಬಡಿದೆ. ಯಾರೂ ತೆರೆಯಲಿಲ್ಲ. ಆದರೆ ಒಳಗಿನಿಂದ ಏನೋ ಒಂದು ಗೊಣಗುತ್ತಾ ಬಂದು, ಬಾಗಿಲಿಗೆ ಟಕ್ ಎಂದು ಹಣೆ ಚಚ್ಚಿಕೊಂಡು, ವಾಪಸ್ ಹೋಯಿತು.

"ಅದು ಗುಂಡ ಕಣಮ್ಮಾ," ಎಂದು ಕೆಳಗಿನಿಂದ ಓನರ್ ಆಂಟಿ ನಕ್ಕರು. "ಕಸ ಗುಡಿಸೋ ರೋಬೋ. ಆ ಹುಡುಗ ಕೆಲಸಕ್ಕೆ ಹೋದ್ಮೇಲೆ ತಾನೇ ಎದ್ದು ಮನೆಯೆಲ್ಲಾ ಸುತ್ತುತ್ತೆ. ಅವರಕ್ಕ ಕೊಡಿಸಿದ್ದಂತೆ. ಅದರ ಜೊತೆ ಮಾತೂ ಆಡ್ತಾನೆ, ನಾನೇ ಕೇಳಿದೀನಿ."

ನಾನು ಎದುರಿಗೆ ನಿಂತು ಜಗಳ ಆಡುವವಳಲ್ಲ. ಎದುರಿಗೆ ಯಾರಾದರೂ ನಿಂತರೆ ಸಾಕು, ಹೇಳಬೇಕಾದ ಮಾತು ಗಂಟಲಲ್ಲೇ ಕೂತುಬಿಡುತ್ತದೆ. ಬರೆಯಲು ಕೊಟ್ಟರೆ ಮಾತ್ರ ನಾನು ಯಾರಿಗೂ ಕಡಿಮೆಯಿಲ್ಲ. ಮರುದಿನ ಡ್ಯೂಟಿಯಿಂದ ಬಂದವಳೇ, ಬ್ಯಾಗಿನಲ್ಲಿದ್ದ ಅಂಗೈಯಗಲದ ಪ್ಯಾಡಿನಿಂದ ಒಂದು ಚೀಟಿ ಹರಿದು ಬರೆದೆ: "ಮೇಲಿನ ಮನೆಯವರಿಗೆ. ನನಗೆ ನೈಟ್ ಡ್ಯೂಟಿ. ಹಗಲು ಮಲಗಬೇಕು. ನಿಮ್ಮ ಗುಂಡನನ್ನು ದಯವಿಟ್ಟು ಸಂಜೆ ಓಡಿಸಿ." ಕೆಳಗೆ ಟೈಮ್ ಹಾಕಿ, ಅವನ ಬಾಗಿಲ ಸಂದಿಯಲ್ಲಿ ತಳ್ಳಿದೆ. ಅವನು ಎಂಟಕ್ಕೇ ಹೊರಡುವವನು, ನಾನು ಬರುವುದು ಎಂಟೂವರೆಗೆ. ಸಂಜೆ ಬಂದು ನೋಡಿಕೊಳ್ಳಲಿ ಎಂದುಕೊಂಡೆ.

ಇದು ವಾರ್ಡಿನಲ್ಲಿ ಕಲಿತ ಅಭ್ಯಾಸ. ಡ್ಯೂಟಿ ಬದಲಾಗುವಾಗ ನಾವು ಎಲ್ಲವನ್ನೂ ಹ್ಯಾಂಡೋವರ್ ಪುಸ್ತಕದಲ್ಲಿ ಬರೆದಿಡುತ್ತೇವೆ. ಮೂರನೇ ಬೆಡ್ಡಿನ ಅಜ್ಜನಿಗೆ ಜ್ವರ ಬಿಟ್ಟಿಲ್ಲ, ಏಳನೇ ಬೆಡ್ಡಿನವರು ಊಟ ಮಾಡಿಲ್ಲ. ಮುಂದಿನವಳು ಬಂದು ಓದಿ, ವಹಿಸಿಕೊಂಡೆ ಎಂದು ಕೆಳಗೆ ಸಹಿ ಹಾಕಿ, ಟೈಮ್ ಬರೆಯುತ್ತಾಳೆ. ಒಂಬತ್ತು ವರ್ಷಗಳಲ್ಲಿ ನಾನು ಬರೆದಿಟ್ಟದ್ದನ್ನು ಯಾರೂ ಓದದೆ ಬಿಟ್ಟದ್ದಿಲ್ಲ. ಬರೆದರೆ ತಲುಪಿತು ಎಂದೇ ನಾನು ನಂಬಿದ್ದೆ.

ಆ ಸಂಜೆ ಆರೂವರೆಗೆ ಡ್ಯೂಟಿಗೆ ಹೊರಟಾಗ ಮೆಟ್ಟಿಲ ಮೇಲೆ ಅವನು ಸಿಕ್ಕ. ಒಂದು ಕೈಯಲ್ಲಿ ಕಸದ ಕವರು. ಕನ್ನಡಕ ಹಣೆಯ ಮೇಲೆ. ಬೆರಳ ತುದಿಗಳಲ್ಲಿ ಒಣಗಿದ ಅಂಟು. ನನ್ನನ್ನು ಕಂಡು ಪಕ್ಕಕ್ಕೆ ಸರಿದು, ಹಣೆಯ ಮೇಲಿನ ಕನ್ನಡಕ ಕೆಳಗಿಳಿಸಿಕೊಂಡು, ಸರಿಯಾಗಿ ನೋಡಿ ನಕ್ಕ.

"ನಿದ್ದೆ ಆಯ್ತಾ ಸಿಸ್ಟರ್?"

ನನಗೆ ಮೈಯೆಲ್ಲಾ ಉರಿಯಿತು. ಚೀಟಿ ಓದಿಯೂ ಅದರ ಮಾತೆತ್ತದೆ, ಮೇಲೆ ಈ ಕುಚೋದ್ಯ ಬೇರೆ!

"ಆಯ್ತು, ನಿಮ್ಮ ದಯೆಯಿಂದ," ಎಂದೆ. ಅಷ್ಟು ಹೇಳಲೂ ಮೂರು ಮೆಟ್ಟಿಲು ಇಳಿಯಬೇಕಾಯಿತು. ಅವನು ಏನೋ ಹೇಳಹೋಗಿ, ಸಾಲಾಗಿ ಮೂರು ಸಲ ಸೀನಿದ.

"ಸಾರಿ. ಧೂಳು ನಂಗಾಗಲ್ಲ. ಲೈಬ್ರರೀಲಿ ಹಳೇ ಪುಸ್ತಕ ರಿಪೇರಿ ಮಾಡೋ ಕೆಲಸ. ಹೇಗಿದೆ ನನ್ನ ಹಣೆಬರಹ?"

ನಗು ಬಂತು. ನಗಬಾರದೆಂದು ತುಟಿ ಕಚ್ಚಿಕೊಂಡು ಇಳಿದುಹೋದೆ.

ಎರಡನೆಯ ಚೀಟಿ ಖಾರವಾಗಿತ್ತು. ಮೂರನೆಯದು ಇನ್ನೂ ಖಾರ. ಗುಂಡ ಮಾತ್ರ ಹತ್ತಕ್ಕೆ ತಪ್ಪದೆ ಹಾಜರು. ಸಂಜೆಯಾದರೆ ಮೆಟ್ಟಿಲ ಮೇಲೆ ಅದೇ ಕಸದ ಕವರು, ಅದೇ ನಗು, ಅದೇ "ನಿದ್ದೆ ಆಯ್ತಾ ಸಿಸ್ಟರ್?"

ಒಂದು ಸಂಜೆ ನನ್ನ ಬ್ಯಾಗಿನಿಂದ ಇಣುಕುತ್ತಿದ್ದ ಕಾದಂಬರಿಯನ್ನು ನೋಡಿ ಅವನ ಮುಖ ಸಣ್ಣಗಾಯಿತು.

"ಅಯ್ಯೋ, ಇದರ ಬೆನ್ನು ಮುರಿದುಹೋಗಿದೆಯಲ್ಲಾ! ಕೊಡಿ ಇಲ್ಲಿ."

"ಪರವಾಗಿಲ್ಲ, ಹಾಗೇ ಓದ್ತೀನಿ."

"ಬೆನ್ನು ಮುರಿದ ಪೇಷೆಂಟನ್ನ ಪರವಾಗಿಲ್ಲ ಅಂತ ಮನೆಗೆ ಕಳಿಸ್ತೀರಾ ನೀವು?"

ಕೊಟ್ಟೆ. ಎರಡು ದಿನದಲ್ಲಿ ಪುಸ್ತಕ ಹೊಸ ಬೆನ್ನು ಕಟ್ಟಿಸಿಕೊಂಡು ಬಂತು. ಹೊಲಿಗೆ ಎಲ್ಲಿದೆ ಎಂದು ಹುಡುಕಿದರೂ ಸಿಗದಂಥ ಕೆಲಸ. ನಾನು ಮೂಲೆ ಮಡಚಿದ್ದ ಪುಟಗಳನ್ನೆಲ್ಲಾ ನೀವಿ, ಗುರುತಿಗೆ ತೆಳ್ಳನೆಯ ಕಾಗದದ ಪಟ್ಟಿಗಳನ್ನು ಇಟ್ಟಿದ್ದ. ಅದನ್ನು ಎದೆಗೊತ್ತಿಕೊಂಡು ಬಸ್ಸಿನಲ್ಲಿ ಕೂತವಳಿಗೆ ಒಂದೇ ಯೋಚನೆ. ಗುರುತಿಲ್ಲದವಳ ಪುಸ್ತಕಕ್ಕೆ ಇಷ್ಟು ಕರಗುವವನು, ಅವಳ ಚೀಟಿಗೆ ಒಂದು ಸಾಲು ಬರೆಯಲಾರನೇ?

ಆಮೇಲಿನ ಚೀಟಿಗಳು ಬೇರೆ ಥರ ಆದವು. ಬೈಯುವುದು ಮುಗಿದಿತ್ತು, ಬರೆಯುವುದು ನಿಂತಿರಲಿಲ್ಲ. "ಮೂರನೇ ಬೆಡ್ಡಿನ ಅಜ್ಜ ಇವತ್ತು ಮನೆಗೆ ಹೋದರು. ಹೋಗುವಾಗ ನನ್ನ ಕೈ ಹಿಡಿದು ಅತ್ತರು. ಯಾರಿಗಾದರೂ ಹೇಳಬೇಕು ಅನ್ನಿಸಿತು." ಇನ್ನೊಂದು ದಿನ: "ಗುಂಡನ ದಾರಿ ನನಗೀಗ ಬಾಯಿಪಾಠ. ಮೊದಲು ಅಡುಗೆಮನೆ, ಆಮೇಲೆ ಕಿಟಕಿ ಪಕ್ಕ, ಅಲ್ಲೊಂದು ಮೂರು ಕಾಲಿನ ಸ್ಟೂಲು, ಕೊನೆಗೆ ಮಂಚದ ಕೆಳಗೆ ಹೋಗಿ ಒದ್ದಾಡುತ್ತಾನೆ, ಅಲ್ಲವೇ? ನೋಡದೆಯೇ ನಿಮ್ಮ ಮನೆ ನನಗೆ ಗೊತ್ತು."

ಉತ್ತರ ಬರದಿದ್ದರೂ ಓದುತ್ತಾನೆ ಎಂಬ ಸಮಾಧಾನವಿತ್ತು. ಓದುತ್ತಿದ್ದಾನೆ ಎಂದ ಮೇಲೆ ಆ ನಗುವಿಗೂ ಬೇರೆ ಅರ್ಥ ಹುಡುಕತೊಡಗಿದೆ. ನಾನು ಹೊಸ ದುಪಟ್ಟಾ ಹೊದ್ದ ದಿನ ಕನ್ನಡಕ ಎರಡು ಸಲ ಒರೆಸಿಕೊಂಡ. ನನಗೆ ದಾರಿ ಬಿಡುವ ನೆಪದಲ್ಲಿ ಗೋಡೆಗೆ ಒರಗಿ, ಭುಜಕ್ಕೆಲ್ಲಾ ಸುಣ್ಣ ಮೆತ್ತಿಕೊಂಡ. "ಭುಜ ಬೆಳ್ಳಗಾಗಿದೆ" ಎಂದರೆ, "ಇರಲಿ ಬಿಡಿ, ನಾಳೆನೂ ಆಗುತ್ತಲ್ಲ" ಎಂದ. ಆ ದಿನ ವಾರ್ಡಿನಲ್ಲಿ ನನ್ನ ಜೊತೆಯವಳು, "ಏನೇ, ಥರ್ಮಾಮೀಟರ್ ನೋಡಿ ನಗ್ತಾ ಇದೀಯಾ?" ಎಂದು ಕೇಳಿದಳು.

ಎರಡು ತಿಂಗಳಾಗಿತ್ತು. ಧೈರ್ಯ ಮಾಡಿ ಹನ್ನೊಂದನೆಯ ಚೀಟಿ ಬರೆದೆ. "ನನ್ನನ್ನು ಸಿಸ್ಟರ್ ಎಂದು ಕರೆಯಬೇಡಿ. ವಾರ್ಡಿನಲ್ಲಾದರೆ ಸರಿ. ಮೆಟ್ಟಿಲ ಮೇಲೆ ಬೇಡ. ಯಾಕೆಂದು ನಿಮಗೆ ಗೊತ್ತಾಗುತ್ತದೆ." ಸಂದಿಯಲ್ಲಿ ತಳ್ಳಿ ಕೆಳಗೆ ಓಡಿಬಂದೆ. ಅಂದು ನಿದ್ದೆ ಬರದ ತಪ್ಪು ಗುಂಡನದಲ್ಲ.

ಸಂಜೆ ಮೆಟ್ಟಿಲ ಮೇಲೆ ಅವನು ನಿಂತಿದ್ದ. ಕೈಯಲ್ಲಿ ಕಸದ ಕವರು.

"ನಿದ್ದೆ ಆಯ್ತಾ ಸಿಸ್ಟರ್?"

ನಾನು ತಲೆಯೆತ್ತಲಿಲ್ಲ. ಅವಮಾನವಾಯಿತು. ಹೀಗೆ ನಗುನಗುತ್ತಲೇ ಬೇಡ ಎನ್ನುವವರೂ ಇರುತ್ತಾರಲ್ಲ ಎನ್ನಿಸಿ ಕಣ್ಣು ತುಂಬಿತು. ಬಸ್ ಸ್ಟಾಪಿನಲ್ಲಿ ನಿಂತು ಹೆಡ್ ನರ್ಸಿಗೆ ಫೋನ್ ಮಾಡಿದೆ. ಆಸ್ಪತ್ರೆ ಕ್ವಾರ್ಟರ್ಸಿನಲ್ಲಿ ಒಂದು ರೂಮು ಖಾಲಿಯಿತ್ತು. ಭಾನುವಾರ ಬರುತ್ತೇನೆ ಎಂದೆ.

ಶನಿವಾರ ಬೆಳಗ್ಗೆ ಬರುವಾಗ ಪ್ಯಾಡು ಮುಗಿದಿತ್ತು. ಔಷಧಿ ಡಬ್ಬಿಯ ರಟ್ಟು ಹರಿದು ಅದರ ಹಿಂದೆ ಬರೆದೆ: "ನಾಳೆ ಮನೆ ಖಾಲಿ ಮಾಡುತ್ತಿದ್ದೇನೆ. ಗುಂಡ ಇನ್ನು ಎಷ್ಟು ಬೇಕಾದರೂ ಕುಣಿಯಲಿ. ಹನ್ನೊಂದು ಬರೆದೆ. ಒಂದಕ್ಕಾದರೂ ಉತ್ತರ ಕೊಟ್ಟಿದ್ದರೆ ಹೋಗುತ್ತಿರಲಿಲ್ಲ."

ಹತ್ತು ಗಂಟೆಗೆ ಗುಂಡ ಎದ್ದ. ಗರ್ರ್ ಎಂದ. ಬಾಗಿಲ ಹತ್ತಿರ ಬಂದು ಕಟಕಟ ಎಂದು ಹಲ್ಲು ಕಡಿದು, ಪೀಂ ಎಂದು ಅರಚಿ ಸುಮ್ಮನಾದ. ಎರಡು ತಿಂಗಳಿಂದ ನಾನು ಬೇಡಿಕೊಂಡ ಮೌನ ಕೊನೆಗೂ ಸಿಕ್ಕಿತ್ತು. ಆ ಮೌನದಲ್ಲಿ ನನಗೆ ಒಂದು ನಿಮಿಷವೂ ಕಣ್ಣು ಮುಚ್ಚಲಾಗಲಿಲ್ಲ. ಎದ್ದು ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬಿದೆ.

ಸಂಜೆ ಬಾಗಿಲು ಬಡಿದ ಸದ್ದು. ತೆರೆದರೆ ಅವನು. ಕಂಕುಳಲ್ಲಿ ಹೊಟ್ಟೆ ಮೇಲಾದ ಗುಂಡ. ಮೂಗು ಕೆಂಪು, ಕಣ್ಣಲ್ಲಿ ಧಾರಾಕಾರ ನೀರು, ಕೂದಲಲ್ಲಿ ಧೂಳು. ಒಂದು ಕೈಯಲ್ಲಿ ನನ್ನ ರಟ್ಟು.

"ಸಿಸ್ಟ..." ಎಂದವನು ಅಲ್ಲೇ ನಿಲ್ಲಿಸಿ, ಮೂರು ಸಲ ಸೀನಿ, "ಹನ್ನೊಂದು ಏನು?" ಎಂದ.

"ಏನು ಅಂದ್ರೆ? ಚೀಟಿ! ನಿಮ್ಮ ಬಾಗಿಲ ಸಂದೀಲಿ ಹಾಕಿದ್ದು."

"ನಂಗೆ ಒಂದೂ ಸಿಕ್ಕಿಲ್ಲ." ಅವನು ಗುಂಡನನ್ನು ನನ್ನ ಮುಂದೆ ಹಿಡಿದ. "ಈ ಕಳ್ಳ ಎಲ್ಲಾನೂ ನುಂಗಿದಾನೆ. ಇವತ್ತು ರಟ್ಟು ಗಂಟಲಿಗೆ ಸಿಕ್ಕಿಹಾಕ್ಕೊಂಡಿದೆ. ಫೋನಿಗೆ ಮೆಸೇಜ್ ಬಂತು, ಬ್ರಷ್ ಜಾಮ್ ಅಂತ. ಬಂದು ಬಿಚ್ಚಿದೆ."

ನನ್ನ ಬುದ್ಧಿಗೆ ಮಂಕು ಕವಿದಿತ್ತೇನೋ. ಎಂಟೂವರೆಗೆ ಬಾಗಿಲ ಬುಡದಲ್ಲಿ ಬಿದ್ದ ಚೀಟಿ, ಹತ್ತಕ್ಕೆ ಬರುವ ಗುಂಡ, ಐದೂವರೆಗೆ ಬರುವ ಅವನು. ಎರಡು ತಿಂಗಳು ಒಂದು ದಿನವೂ ನನಗೆ ಹೊಳೆಯಲಿಲ್ಲ.

"ಕಸ ತೆಗೆಯೋವಾಗ ನೋಡ್ಲಿಲ್ವಾ?"

"ಮಾಸ್ಕ್ ಹಾಕ್ಕೊಂಡು, ಮುಖ ಆ ಕಡೆ ತಿರುಗಿಸಿ, ಉಸಿರು ಕಟ್ಕೊಂಡು ಕವರಿಗೆ ಸುರೀತೀನಿ. ಇವತ್ತೇ ಮೊದಲ ಸಲ ಕೈ ಹಾಕಿ ಹುಡುಕಿದ್ದು."

"ಮತ್ತೆ ದಿನಾ 'ನಿದ್ದೆ ಆಯ್ತಾ' ಅಂತ ಹಂಗಿಸ್ತಿದ್ರಲ್ಲ?"

"ಹಂಗಿಸೋದಾ? ನೈಟ್ ಡ್ಯೂಟಿ ನರ್ಸ್ ಅಂತ ಓನರ್ ಆಂಟಿ ಹೇಳಿದ್ರು. ನಿಮ್ಮ ಕಣ್ಣು ಯಾವಾಗ್ಲೂ ಕೆಂಪಗಿರ್ತಿತ್ತು. ಪಾಪ ಅನ್ಸಿ ಕೇಳ್ತಿದ್ದೆ."

ಅವನು ಜೇಬಿನಿಂದ ಇನ್ನೊಂದು ಕಾಗದ ತೆಗೆದ. ಬ್ರಷ್ಷಿನ ಕೂದಲಿಗೆ ಸುತ್ತಿಕೊಂಡಿದ್ದ ಹರಕುಗಳನ್ನು ಬಿಡಿಸಿ, ತೆಳ್ಳನೆಯ ಕಾಗದದ ಮೇಲೆ ಜೋಡಿಸಿ ಅಂಟಿಸಿದ್ದ. "ಸಿಸ್ಟರ್ ಎಂದು ಕರೆ" ಅಂತಿತ್ತು. ಆಮೇಲೆ ಒಂದು ತೂತು. "ಮೆಟ್ಟಿಲ ಮೇಲೆ ಬೇಡ. ಯಾಕೆಂ." ಆಮೇಲೆ ಏನೂ ಇಲ್ಲ.

"ಇದರ ಉಳಿದಿದ್ದು ಏನು?" ಎಂದ ಮೆಲ್ಲಗೆ.

ಬರೆದದ್ದನ್ನು ಬಾಯಲ್ಲಿ ಹೇಳುವುದು ಹೇಗೆ? ಎದುರಿಗೆ ನಿಂತಿದ್ದಾನಲ್ಲ!

"ನೀವೇ ಊಹೆ ಮಾಡ್ಕೊಳ್ಳಿ," ಎಂದೆ.

"ಆಗಲ್ಲ. ನಮ್ಮ ಕೆಲಸದಲ್ಲಿ ಒಂದೇ ನಿಯಮ. ಹಾಳೆ ಹರಿದಿದ್ರೆ ಜೋಡಿಸ್ಬಹುದು. ಇಲ್ಲದ ಮಾತನ್ನ ನಾವೇ ತುಂಬಿಸೋ ಹಾಗಿಲ್ಲ, ಎಷ್ಟೇ ಆಸೆ ಇದ್ರೂ." ಆಸೆ ಎಂಬ ಮಾತಿಗೆ ಅವನ ಕಿವಿ ಕೆಂಪಾಯಿತು. "ಮೊದಲು ನನ್ನ ತಪ್ಪಿಗೆ ಮಾಫಿ. ಗುಂಡ ಇನ್ಮೇಲೆ ಸಂಜೆ ಓಡ್ತಾನೆ. ನೀವು ಹೋಗಿ, ಇರಿ, ನಿಮ್ಮಿಷ್ಟ. ಆದ್ರೆ ಹೋಗೋ ಮುಂಚೆ ಇದನ್ನ ಪೂರ್ತಿ ಬರೆದುಕೊಡಿ. ಓದದೇನೇ ನಿಮ್ಮನ್ನ ಕಳ್ಕೊಂಡೆ ಅಂತ ಆಗ್ಬಾರ್ದು."

ಬಸ್ಸಿಗೆ ಹೊತ್ತಾಗಿತ್ತು. ಓಡಿದೆ. ಆ ಪಾಳಿಯಲ್ಲಿ ನಾನು ಏನು ಮಾಡಿದೆನೋ ನೆನಪಿಲ್ಲ, ಯಾರಿಗೂ ತಪ್ಪು ಮಾತ್ರೆ ಕೊಡಲಿಲ್ಲ ಎಂಬುದಷ್ಟೇ ಗೊತ್ತು.

ಭಾನುವಾರ ಬೆಳಗ್ಗೆ ಎಂಟೂವರೆಗೆ ನನ್ನ ಮನೆ ದಾಟಿ ನೇರ ಮೇಲೆ ಹತ್ತಿದೆ. ಕೊನೆಯ ಮೆಟ್ಟಿಲ ಮೇಲೆ ಕೂತು, ಹೊಸ ಪ್ಯಾಡಿನ ಮೊದಲ ಚೀಟಿಯಲ್ಲಿ ಬರೆದೆ: "ಮೆಟ್ಟಿಲ ಮೇಲೆ ಸಿಸ್ಟರ್ ಎಂದು ಕರೆಯಬೇಡಿ. ಯಾಕೆಂದರೆ ನನಗೆ ನಿಮ್ಮ ಮೇಲೆ ಪ್ರೀತಿಯಾಗಿದೆ. ಪೆಟ್ಟಿಗೆ ಕಟ್ಟಿದ್ದೇನೆ. ಬಿಚ್ಚಲೋ ಬೇಡವೋ ನೀವು ಹೇಳಿ." ಕೆಳಗೆ ಸಹಿ ಮಾಡಿ, ಟೈಮ್ ಹಾಕಿದೆ. ಎಂಟು ನಲವತ್ತು.

ಸಂದಿಯ ಬಳಿ ಬಗ್ಗಿದರೆ, ಆಚೆ ಬದಿಯಲ್ಲಿ ಆಗಲೇ ನಾಲ್ಕು ಬೆರಳುಗಳು ನೆಲಕ್ಕೆ ಒತ್ತಿಕೊಂಡು ಕಾಯುತ್ತಿದ್ದವು. ತುದಿಯಲ್ಲಿ ಒಣಗಿದ ಅಂಟು.

"ಗುಂಡನ್ನ ಆಫ್ ಮಾಡಿದೀನಿ," ಎಂದಿತು ಬಾಗಿಲು. "ಆದ್ರೂ ನಂಬೋಕಾಗಲ್ಲ. ಏಳು ಗಂಟೆಯಿಂದ ಇಲ್ಲೇ ಕೂತಿದೀನಿ."

ತಳ್ಳಿದೆ. ಬೆರಳುಗಳು ಚೀಟಿ ಹಿಡಿದು ಮಾಯವಾದವು. ಒಳಗೆ ಸದ್ದಿಲ್ಲ. ಸೀನೂ ಇಲ್ಲ. ಬಹಳ ಹೊತ್ತಾದ ಮೇಲೆ ಚೀಟಿ ವಾಪಸ್ ಬಂತು. ಕೆಳಗೆ ಅವನ ಅಕ್ಷರ: "ಓದಿದೆ. ೮.೪೬." ಸಹಿ. ಇನ್ನೇನೂ ಇಲ್ಲ.

"ಅಷ್ಟೇನಾ?" ನನ್ನ ದನಿ ಒಡೆಯಿತು.

"ಉಳಿದಿದ್ದು ಬರೆಯಲ್ಲ. ಈ ಮನೇಲಿ ಬರೆದಿದ್ದೆಲ್ಲಾ ಏನಾಗುತ್ತೆ ಅಂತ ನೋಡಿದೀರಲ್ಲ." ಬಾಗಿಲು ತೆರೆಯಿತು. ನೆಲದಿಂದ ಏಳುತ್ತಾ, ಮರಗಟ್ಟಿದ ಕಾಲು ಕೊಡವುತ್ತಾ ಅವನು ನನ್ನನ್ನೇ ನೋಡಿದ. "ಹೋಗ್ಬೇಡಿ. ನಂಗೆ ನೀವು ಬೇಕು. ಎರಡು ತಿಂಗಳಿಂದ ಬೇಕು. ಕಸದ ಗಾಡಿ ಬರೋದು ಬೆಳಗ್ಗೆ, ಗೊತ್ತಾ ನಿಮ್ಗೆ? ಸಂಜೆ ಆರೂವರೆಗೆ ಕವರು ಹಿಡ್ಕೊಂಡು ಇಳಿಯೋ ಕೆಲಸ ನಂಗೇನೂ ಇರ್ಲಿಲ್ಲ. ನಿಮ್ಮನ್ನ ನೋಡೋಕೆ ಒಂದು ನೆಪ ಬೇಕಿತ್ತು, ಅಷ್ಟೇ."

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಬರೆದ ದಿನಗಳಲ್ಲೆಲ್ಲಾ ಸಂಜೆ ನನ್ನ ಚೀಟಿ ನನ್ನ ಮುಂದೆಯೇ ಇತ್ತು. ಅವನ ಕೈಯ ಕವರಿನಲ್ಲೇ ಇತ್ತು. ಅದನ್ನು ಹಿಡಿದುಕೊಂಡೇ ಅವನು ನನಗೆ ದಾರಿ ಬಿಡುತ್ತಿದ್ದ.

"ಅಳ್ಬೇಡಿ ಸಿ..." ಎಂದು ನಾಲಿಗೆ ಕಚ್ಚಿಕೊಂಡ. "ಏನಂತ ಕರೀಲಿ?"

"ಆಮೇಲೆ ಹೇಳ್ತೀನಿ. ಮೊದಲು ಒಂದು ಸಹಿ ಬಾಕಿ ಇದೆ."

ಚೀಟಿಯನ್ನು ಅವನ ಬಾಗಿಲಿಗೇ ಒತ್ತಿ ಹಿಡಿದು, ಅವನ ಸಹಿಯ ಪಕ್ಕ ಇನ್ನೊಮ್ಮೆ ನನ್ನ ಸಹಿ ಹಾಕಿದೆ. ಈ ಸಲ ವಹಿಸಿಕೊಂಡವಳು ನಾನು. ಟೈಮ್ ಬರೆದೆ. ಮಡಚಿ ಅವನ ಷರ್ಟಿನ ಜೇಬಿಗೆ ಹಾಕಿ, ಬೀಳದಂತೆ ಗುಂಡಿ ಹಾಕಿದೆ.

ಆಮೇಲೆ ಒಳಗೆ ಹೋದೆ. ಎಡಕ್ಕೆ ಅಡುಗೆಮನೆ, ಬಲಕ್ಕೆ ಕಿಟಕಿ, ಅಲ್ಲೊಂದು ಮೂರು ಕಾಲಿನ ಸ್ಟೂಲು. ಎಲ್ಲಾ ನಾನು ಕೇಳಿದ ಹಾಗೇ ಇತ್ತು.