ಸವೆಯದ ಟೈರು

ಸೈಕಲ್ಲಿನ ಮುಂದಿನ ಚಕ್ರವನ್ನು ಹಳೆಯ ಟವೆಲಿನಲ್ಲಿ ಸುತ್ತುತ್ತಿದ್ದವಳ ಕೈ ತಟ್ಟನೆ ನಿಂತಿತು.

ಟೈರಿನ ತುಂಬ ಸಣ್ಣ ಸಣ್ಣ ರಬ್ಬರ್ ಕೂದಲು. ಅಂಗಡಿಯಿಂದ ತಂದ ದಿನ ಇದ್ದ ಹಾಗೇ ನೆಟ್ಟಗೆ ನಿಂತಿದ್ದವು. ರಸ್ತೆಗಿಳಿದ ಸೈಕಲ್ಲಾದರೆ ಇವು ಕೆಲವೇ ದಿನಗಳಲ್ಲಿ ಉಜ್ಜಿ ಹೋಗುತ್ತವೆ. ಪಕ್ಕದಲ್ಲಿ ಬಿಚ್ಚಿಟ್ಟಿದ್ದ ಗಂಡನ ಸೈಕಲ್ಲಿನ ಟೈರು ಬೋಳುತಲೆಯಂತೆ ನುಣ್ಣಗಿತ್ತು.

ಅವಳು ಅವಸರದಿಂದ ಟವೆಲು ಎಳೆದು ಮುಚ್ಚಿದಳು.

'ನೋಡಿಬಿಟ್ಟರಾ...?'

ಗಂಡ ನಡುಮನೆಯ ಆ ಬದಿಯಲ್ಲಿ ಕೂತು ಪೆಡಲ್ ಬಿಚ್ಚುತ್ತಿದ್ದರು. ವಿಮಾನಕ್ಕೆ ಹಾಕಬೇಕೆಂದರೆ ಪೆಡಲ್ ಬಿಚ್ಚಬೇಕು, ಹ್ಯಾಂಡಲ್ ತಿರುಗಿಸಬೇಕು, ಟೈರಿನ ಗಾಳಿ ಇಳಿಸಬೇಕು. ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳು ಸೋಫಾಕ್ಕೆ ಒರಗಿ ಕಾಯುತ್ತಿದ್ದವು.

"ಗಾಳಿ ತೆಗ್ದೆಯಾ?"

"ಹೂಂ ರೀ."

"ನಿನ್ನ ಸೈಕಲ್ ನಿನ್ನೆ ಒರೆಸೋಣ ಅಂತ ಹೋದೆ. ಒರೆಸೋಕೆ ಏನೂ ಇರಲಿಲ್ಲ."

ತಲೆ ಎತ್ತದೆ ಹೇಳಿದರು. ಮಾತಿಗೊಂದು ತಮಾಷೆ ಮಾಡುವ ಮನುಷ್ಯ ನಿನ್ನೆಯಿಂದ ನಕ್ಕೇ ಇರಲಿಲ್ಲ.

ಅವಳ ಕಿವಿ ಬಿಸಿಯಾಯಿತು.

ಎಲ್ಲ ಶುರುವಾದದ್ದು ಅವರ ಕನ್ನಡಕದ ಅಂಗಡಿಯಲ್ಲಿ. ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುವ ಅವಳು ನಲವತ್ತು ದಾಟಿದ ಮೇಲೆ ಚೀಟಿಯ ಅಕ್ಷರ ಮಸುಕಾಗಿ ಅಲ್ಲಿಗೆ ಹೋಗಿದ್ದಳು. ಅವರು ಒಂದೊಂದೇ ಲೆನ್ಸ್ ಬದಲಿಸುತ್ತಾ ಹತ್ತಿರ ಬಗ್ಗಿ, "ಈಗ ಕಾಣಿಸುತ್ತಾ?" ಎಂದಾಗ ಅವಳಿಗೆ ಮೊದಲು ಸ್ಪಷ್ಟವಾಗಿ ಕಂಡದ್ದು ಆ ಮುಖವೇ. ಗೋಡೆಯ ಮೇಲೆ ಬೆಟ್ಟದ ರಸ್ತೆಯಲ್ಲಿ ಸೈಕಲ್ ಹಿಡಿದು ನಿಂತ ಅವರ ಫೋಟೋ ಇತ್ತು.

"ನೀವೂ ಸೈಕಲ್ ಹೊಡೀತೀರಾ?" ಎಂದರು ಅವರು, ಅವಳು ಫೋಟೋ ನೋಡುತ್ತಿದ್ದುದನ್ನು ಕಂಡು.

"ಹೊಡೀತೀನಿ. ಚಿಕ್ಕಂದಿನಿಂದ್ಲೂ."

ನಾಲಿಗೆ ಯಾಕೆ ಹಾಗೆ ಜಾರಿತೋ! ಚಿಕ್ಕಂದಿನಲ್ಲಿ ಅವಳು ಕೂತದ್ದು ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ ಮಾತ್ರ. ಹ್ಯಾಂಡಲ್ ಮುಟ್ಟಿದರೆ, "ಬಿದ್ದು ಕೈಕಾಲು ಮುರ್ಕೊಂಡ್ರೆ ನಾಳೆ ನಿನ್ನ ಯಾರು ಒಪ್ತಾರೆ?" ಎಂದು ಅಮ್ಮ ಗದರುತ್ತಿದ್ದಳು. ಕೈಕಾಲು ನೆಟ್ಟಗೇ ಇದ್ದವು. ಒಪ್ಪುವವರು ಬಂದದ್ದು ಮಾತ್ರ ಇಷ್ಟು ತಡವಾಗಿ...

ಮದುವೆಗೆ ಅವರು ಕೊಟ್ಟ ಉಡುಗೊರೆ ಈ ಸೈಕಲ್ಲು. 'ನಿಮ್ಮ ಸ್ಪೀಡಿಗೆ ನಂಗಾಗಲ್ಲ' ಎಂದು ಅವಳು ಜೊತೆಗೆ ಹೋಗುವುದನ್ನು ತಪ್ಪಿಸಿಕೊಂಡಳು. ದಿನಾ ಬೆಳಿಗ್ಗೆ ಅವರು ಹೊರಟ ಮೇಲೆ ಸೈಕಲ್ಲನ್ನು ತಿರುವಿನಾಚೆಗೆ ತಳ್ಳಿಕೊಂಡು ಹೋಗಿ, ಬ್ಯೂಟಿ ಪಾರ್ಲರ್ ನಡೆಸುವ ಗೆಳತಿಯ ಹಿತ್ತಲಲ್ಲಿ ನಿಲ್ಲಿಸುತ್ತಿದ್ದಳು.

"ಏನೇ, ಸೈಕಲ್‌ಗೆ ವಾಕಿಂಗ್ ಮಾಡಿಸ್ಕೊಂಡು ಬಂದ್ಯಾ?" ಎಂದು ಗೆಳತಿ ನಗುತ್ತಿದ್ದಳು. ಅವಳೂ ನಗುತ್ತಿದ್ದಳು. ಮನೆಗೆ ಬಂದು, "ಇವತ್ತು ಕೆರೆ ಸುತ್ತಿ ಬಂದೆ" ಎನ್ನುವಾಗ ಮಾತ್ರ ಗಂಡನ ಕಣ್ಣು ತಪ್ಪಿಸಿ ನೆಲ ನೋಡುತ್ತಿದ್ದಳು.

ಅಷ್ಟರಲ್ಲಿ ಅವರು ಟಿಕೆಟ್ ತಂದೇಬಿಟ್ಟಿದ್ದರು. "ದೂರ ಹೋಗೋಣ. ನಿನ್ನ ಸ್ಪೀಡಿಗೇ ಹೊಡೆಯೋಣ."

ಪೆಟ್ಟಿಗೆ ಕಟ್ಟಿದ ಮರುದಿನ ವಿಮಾನ ನಿಲ್ದಾಣದಲ್ಲಿ ಅವರ ಪೆಟ್ಟಿಗೆ ಮೊದಲು ತೂಕಕ್ಕೆ ಏರಿತು. ಅವಳದಕ್ಕೆ ಕೈಹಾಕಿದವರು ಹಾಗೇ ನಿಂತರು.

"ಇದನ್ನ ಕಳಿಸೋದಾ?"

"ಅಂದ್ರೆ?"

"ಟೈರ್ ನೋಡ್ದೆ. ಅದು ಒಂದು ದಿನಾನೂ ಕೆರೆ ಸುತ್ತಿಲ್ಲ." ಅವರ ದನಿ ಇಳಿಯಿತು. "ಬೆಳಿಗ್ಗೆ ನೀನೆಲ್ಲಿಗೆ ಹೋಗ್ತಿದ್ದೆ ಅಂತ ಕೇಳಲ್ಲ. ನನ್ನ ಜೊತೆ ಬರೋಕೆ ಇಷ್ಟ ಇಲ್ದಿದ್ರೆ ಈಗ್ಲೇ ಹೇಳು. ಬರೀ ಈ ಪ್ರವಾಸದ ಮಾತಲ್ಲ ನಾನು ಆಡ್ತಿರೋದು..."

ಇವರ ಯೋಚನೆ ಎಲ್ಲಿಗೆ ಹೋಗಿ ಮುಟ್ಟಿದೆ! ಒಂದು ಸುಳ್ಳು ಮುಚ್ಚಿಕೊಳ್ಳಲು ಹೋಗಿ ಈ ಮನುಷ್ಯನನ್ನೇ ಕಳೆದುಕೊಳ್ಳುವುದೇ?

"ರೀ... ನಂಗೆ ಸೈಕಲ್ ಬರಲ್ಲ."

ಅದೇ ಹೊತ್ತಿಗೆ ಮೈಕಿನಲ್ಲಿ ಯಾವುದೋ ವಿಮಾನದ ಪ್ರಕಟಣೆಯ ಕೂಗು. ಅವರು ಕಿವಿ ಮುಂದೆ ಮಾಡಿದರು. ಅವಳು ಕಣ್ಣು ಮುಚ್ಚಿಕೊಂಡು, ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಹೇಳಿದಳು.

"ನಂಗೆ ಸೈಕಲ್ ಹೊಡೆಯೋಕೇ ಬರಲ್ಲ! ಯಾವತ್ತೂ ಬರ್ತಿರಲಿಲ್ಲ!"

ಕೂಗು ಅಷ್ಟರಲ್ಲೇ ನಿಂತುಹೋಗಿತ್ತು. ಸಾಲಿಗೆ ಸಾಲೇ ತಿರುಗಿ ನೋಡಿತು. ಕೌಂಟರಿನ ಹುಡುಗಿ ಪಟ್ಟಿ ಅಂಟಿಸುತ್ತಾ, "ಬಂದ್ರೂ ಬರದಿದ್ರೂ ಲಗೇಜ್ ಚಾರ್ಜ್ ಒಂದೇ ಮೇಡಂ" ಎಂದಳು.

ಯಾರೋ ಕಿಸಕ್ಕನೆ ನಕ್ಕರು. ಅವಳಿಗೆ ಆ ಪೆಟ್ಟಿಗೆಯೊಳಗೇ ಹೋಗಿ ಕೂತುಬಿಡಬೇಕೆನಿಸಿತು.

ಅವರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

"ನಾನು ಏನೇನೋ ಅಂದ್ಕೊಂಡೆ ಕಣೇ. ನಿನ್ನ ಮುಖ ನೋಡೋಕೆ ನಂಗೇ ನಾಚಿಕೆ ಆಗ್ತಿದೆ... ಅವತ್ತು ಅಂಗಡೀಲೇ ಬರಲ್ಲ ಅನ್ನಬಾರದಿತ್ತಾ?"

"ನೀವು ಅಷ್ಟು ಹತ್ತಿರ ಬಗ್ಗಿ ಕೇಳಿದ್ರೆ ಇಲ್ಲ ಅನ್ನೋದು ಹೇಗೆ?"

"ಅದು ಕಣ್ಣಿನ ಪರೀಕ್ಷೆ. ಎಲ್ಲರಿಗೂ ಅಷ್ಟೇ ಹತ್ತಿರ ಬಗ್ತೀನಿ."

ಅಳು ಬರುತ್ತಿದ್ದವಳಿಗೆ ನಗು ಬಂತು. ಕೆನ್ನೆ ಮಾತ್ರ ಇನ್ನೂ ಉರಿಯುತ್ತಿತ್ತು.

"ಸರಿ, ನಿನ್ನ ಪೆಟ್ಟಿಗೆ ಏನ್ಮಾಡೋಣ?"

"ಕಳಿಸಿ."

"ಬಿದ್ರೆ?"

"ನಿಮ್ಮ ಮುಂದೆ ತಾನೇ ಬೀಳೋದು."

"ಸೀಟು ಹಿಡ್ಕೊಂಡು ಹಿಂದೇನೇ ಓಡ್ತೀನಿ. ಕೈ ಬಿಡಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳ ಪೆಟ್ಟಿಗೆ ಅವರದರ ಹಿಂದೆಯೇ ಸಾಗಿ ರಬ್ಬರ್ ಪರದೆಯಾಚೆ ಮರೆಯಾಯಿತು.

ಕೈ ಬಿಡಲ್ಲ ಎಂದು ಅಣ್ಣನೂ ಸೈಕಲ್ ಕಲಿಸುವಾಗ ತನ್ನ ಗೆಳೆಯನಿಗೆ ಹೇಳಿದ್ದ. ಹೇಳಿ, ಸದ್ದಿಲ್ಲದೆ ಬಿಟ್ಟಿದ್ದ. ಕಲಿಸುವವರೆಲ್ಲ ಹಾಗೇ ಮಾಡುವುದನ್ನು ಗೇಟಿನ ಬಳಿ ನಿಂತು ನೋಡುತ್ತಲೇ ಬೆಳೆದವಳು ಅವಳು. ಇವರೂ ಬಿಡುತ್ತಾರೆ. ಸೀಟು ಹಗುರವಾದದ್ದು ಅವಳಿಗೆ ಖಂಡಿತ ಗೊತ್ತಾಗುತ್ತದೆ.

ಆಗ ತಿರುಗಿ ನೋಡಬಾರದು. ಗೊತ್ತೇ ಆಗದವಳಂತೆ ತುಳಿಯುತ್ತಾ ಹೋಗಬೇಕು, ಕೈ ಬಿಟ್ಟೆ ಎಂದು ಹಿಂದಿನಿಂದ ಅವರು ಖುಷಿಯಿಂದ ಕೂಗಿ ಹೇಳುವವರೆಗೂ.

"ಏನು ಯೋಚ್ನೆ ಮಾಡ್ತಿದ್ದೀಯ?" ಎಂದರು ಅವರು.

"ಏನಿಲ್ಲ ರೀ," ಎಂದಳು. ಈ ಸಲ ಅವರ ಕಣ್ಣನ್ನೇ ನೋಡುತ್ತಾ.