ನಾಲ್ಕನೇ ಹೆಡ್‌ಫೋನ್

ಅಮ್ಮನ ಬಾಯಿ ಅಲ್ಲಾಡಿತು. "ಹೇಗಿದೆ?" ಎಂದಿರಬೇಕು. ಹಂಸಾಗೆ ಸರಿಯಾಗಿ ಕೇಳಿಸಲಿಲ್ಲ. ಕೇಳಿಸದೆ ಇದ್ದದ್ದೇ ಒಳ್ಳೆಯ ಸುದ್ದಿ.

ಜಯನಗರದ ಆ ಅಂಗಡಿಯಲ್ಲಿ ಗೋಡೆ ತುಂಬ ಟಿ.ವಿ.ಗಳು ಕಿರುಚುತ್ತಿದ್ದವು. ಹೊರಗೆ ಆಟೋ, ಬಸ್ಸು, ಸ್ಕೂಟರು ಎಲ್ಲಕ್ಕೂ ಒಂದೇ ಅವಸರ. ಅಂಗಡಿಯವರು ಹೆಡ್‌ಫೋನಿನ ಬಟನ್ ಒತ್ತಿದರು ನೋಡಿ, ಅಷ್ಟೂ ಗಲಾಟೆ ಎದ್ದು ಪಕ್ಕದ ಬೀದಿಗೆ ಹೋದಂತಾಯಿತು.

ಹಂಸಾ ಹೆಡ್‌ಫೋನಿನ ಒಂದು ಬದಿ ಸರಿಸಿ, "ಚೆನ್ನಾಗಿದೆ" ಎಂದಳು.

"ನೋಯ್ತಿಲ್ಲ ತಾನೆ? ಸರಿಯಾಗಿ ನೋಡ್ಕೊಂಡು ಹೇಳು. ಇದು ನಾಲ್ಕನೇದು ಕಣೆ."

"ಬಿಲ್ ಆದ್ಮೇಲೆ ವಾಪಸ್ ತಗೊಳಲ್ಲ ಮೇಡಂ. ಮೊದ್ಲೇ ಹೇಳ್ಬಿಟ್ಟಿದೀನಿ" ಎಂದರು ಅಂಗಡಿಯವರು.

ನಿಜ ಹೇಳಬೇಕೆಂದರೆ, ಕಿವಿಯ ಹಿಂದೆ ಆಗಲೇ ಸಣ್ಣಗೆ ಚುರ್ ಎನ್ನುತ್ತಿತ್ತು. ಹಂಸಾ ಅಮ್ಮನನ್ನು ನೋಡಿದಳು. ಅಮ್ಮ ಲತಾಮಣಿ ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಫಸ್ಟ್ ಶಿಫ್ಟ್ ಮುಗಿಸಿ ನೇರ ಇಲ್ಲಿಗೆ ಬಂದಿದ್ದಳು. ಖಾಕಿ ಕೋಟು ಇನ್ನೂ ಮೈಮೇಲೇ ಇತ್ತು. ಗಾಜಿನ ಕೌಂಟರಿಗೆ ಒರಗಿ ನಿಂತಿದ್ದವಳ ಕಣ್ಣು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು.

"ನೋಯ್ತಿಲ್ಲಮ್ಮ. ಚೆನ್ನಾಗಿದೆ" ಎಂದಳು ಹಂಸಾ.

"ಬಿಲ್ ಮಾಡಿ ಸಾರ್" ಎಂದಳು ಅಮ್ಮ.

ಹಂಸಾಳ ಕಿವಿ ಕೇಳಿಸುವುದರಲ್ಲಿ ಏನೂ ಕಡಿಮೆ ಇರಲಿಲ್ಲ. ಜಾಸ್ತಿ ಕೇಳಿಸುವುದೇ ಅವಳ ತೊಂದರೆ. ಮಿಕ್ಸಿ ಹಾಕಿದರೆ ಅದು ಅವಳ ತಲೆಯೊಳಗೇ ತಿರುಗುತ್ತಿತ್ತು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮನೆಯಿಂದ ಹೊರಗೆ ಓಡುತ್ತಿದ್ದಳು. "ಎಲ್ಲಾ ನಾಟಕ" ಎಂದವರು ಬೇಕಾದಷ್ಟು ಜನ. ಪಾಪ, ಅವರ ಕಿವಿ ಹಾಗಿಲ್ಲ, ಅವರಿಗೇನು ಗೊತ್ತು? ಡಾಕ್ಟರ್ ಮಾತ್ರ, "ನಾಟಕ ಅಲ್ಲ, ಕೆಲವು ಮಕ್ಕಳಿಗೆ ಹೀಗಿರುತ್ತೆ. ಗಲಾಟೆ ಜಾಸ್ತಿ ಆದಾಗ ಹೆಡ್‌ಫೋನ್ ಹಾಕ್ಕೊಳ್ಲಿ" ಎಂದಿದ್ದರು.

ಇಷ್ಟು ದಿನ ಹೇಗೋ ನಡೆದಿತ್ತು. ಎರಡು ವಾರದ ಹಿಂದೆ ಶಾಲೆಯ ಪಕ್ಕದ ಹಳೆ ಮನೆ ಒಡೆಯಲು ಬ್ರೇಕರ್ ಮಷಿನ್ ಬಂತು. ಬೆಳಗ್ಗೆ ಹತ್ತರಿಂದ ಗಡಗಡ ಗಡಗಡ. ಆರು ಸಲ ಹಂಸಾ ಡೆಸ್ಕಿನ ಕೆಳಗೆ ಕೂತು ಅತ್ತಳು. ಅಪ್ಪ ಲಾರಿ ಓಡಿಸುವವರು, ವಾರಕ್ಕೊಮ್ಮೆ ಮನೆಗೆ ಬರುವವರು. ಆರು ಸಲವೂ ಅಮ್ಮನೇ ಡ್ಯೂಟಿ ಬಿಟ್ಟು ಓಡಿ ಬಂದು ಕರೆದುಕೊಂಡು ಹೋದಳು.

ಹೆಡ್ ಮಿಸ್ ಬೈಯಲಿಲ್ಲ. "ಕಟ್ಟಡದ ಕೆಲಸ ಇನ್ನೂ ಎರಡು ತಿಂಗಳಿದೆಯಂತೆ. ಅಲ್ಲಿವರೆಗೂ ಮನೇಲೇ ಓದಿಸ್ಬಿಡಿ" ಎಂದರು.

ಎರಡು ತಿಂಗಳು! ಅಷ್ಟರಲ್ಲಿ ಇಂಚರ ಬೇರೆ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡಿರುತ್ತಾಳೆ. ಹಂಸಾಗೆ ಇದ್ದದ್ದೇ ಅವಳೊಬ್ಬಳು ಫ್ರೆಂಡ್.

"ಸೋಮವಾರ ಒಂದಿನ ನೋಡಿ ಮಿಸ್. ಹೊಸ ಹೆಡ್‌ಫೋನ್ ತರ್ತೀನಿ" ಎಂದು ಅಮ್ಮ ಕೇಳಿಕೊಂಡಿದ್ದಳು. ಆ ಒಂದು ದಿನಕ್ಕಾಗಿಯೇ ಈ ಶನಿವಾರದ ಅಲೆದಾಟ.

ಈ ಹಿಂದೆ ಕೊಂಡ ಮೂರರಲ್ಲಿ ಮೊದಲನೆಯದು ಕಿವಿಯೊಳಗೆ ತೂರಿಸುವ ಪುಟ್ಟ ಇಯರ್‌ಫೋನ್. ಹಾಕಿದರೆ ಹಂಸಾಗೆ ತನ್ನ ಉಸಿರೇ ದೊಡ್ಡದಾಗಿ ಕೇಳಿಸುತ್ತಿತ್ತು. ಎರಡನೆಯದೂ ಮೂರನೆಯದೂ ಕಿವಿ ಪೂರ್ತಿ ಮುಚ್ಚುವಂಥವು. ಅರ್ಧ ಗಂಟೆಗೆಲ್ಲ ಕಿವಿ ನೋವು, ತೆಗೆದು ಬಿಸಾಡುವಷ್ಟು. "ನಿಂಗೆ ಏನು ತಂದ್ರೂ ಆಗಲ್ವಲ್ಲೇ" ಎಂದು ಅಮ್ಮ ಒಂದು ಸಲವೂ ಅನ್ನಲಿಲ್ಲ. ಉಫ್ ಎಂದು ಉಸಿರು ಬಿಟ್ಟಳು, ಅಷ್ಟೇ. ಅದನ್ನು ಕೇಳುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ.

ಮನೆಗೆ ಹೊರಟ ಬಸ್ಸು ಬನಶಂಕರಿ ದಾಟುವಷ್ಟರಲ್ಲಿ ಹಂಸಾಳ ಎರಡೂ ಕಿವಿ ಉರಿಯತೊಡಗಿದವು. ದಿನವಿಡೀ ಬಸ್ಸಿನಲ್ಲಿ ನಿಂತೇ ಇರುವ ಅಮ್ಮ ಈಗ ಕಿಟಕಿಗೆ ತಲೆ ಕೊಟ್ಟು, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕುಮಾರಸ್ವಾಮಿ ಲೇಔಟ್ ಸ್ಟಾಪಿನಲ್ಲಿ ತಟ್ಟನೆ ಎದ್ದು, "ಹೇಗಿದೆ?" ಎಂದಳು.

"ಚೆನ್ನಾಗಿದೆ."

ಭಾನುವಾರ ತಲೆಗೆ ಎಣ್ಣೆ ಹಚ್ಚುವ ದಿನ. ಅಪ್ಪನ ಅಮ್ಮ ಸಪ್ಪಲಮ್ಮ ಮೆಟ್ಟಿಲ ಮೇಲೆ ಕೂತು, ಹಂಸಾಳನ್ನು ಕಾಲ ನಡುವೆ ಕೂರಿಸಿಕೊಂಡಿತು. ಜಡೆ ಬಿಚ್ಚಲು ಕಿವಿ ಸರಿಸಿದ್ದೇ ತಡ, ಕೈ ನಿಂತುಬಿಟ್ಟಿತು.

"ಅಯ್ಯಯ್ಯೋ, ಇದೇನ್ ಮಗ ಇದು?"

"ಏನೂ ಇಲ್ಲಜ್ಜಿ."

"ಏನೂ ಇಲ್ದೆ ಹಿಂಗೆ ಕೆಂಪಗಾಯ್ತದಾ? ಈ ಕಡೆನೂ ಗುಳಿ ಬಿದ್ದದೆ! ಲತಾ, ಬಾ ಇಲ್ಲಿ!"

ಅಮ್ಮ ಒದ್ದೆ ಕೈಯಲ್ಲೇ ಓಡಿ ಬಂದಳು. ಅಜ್ಜಿ ಹೆಡ್‌ಫೋನ್ ತರಿಸಿ ಹಂಸಾಳ ತಲೆಗೆ ಹಾಕಿತು. ಆಮೇಲೆ ತನ್ನ ಕಿರುಬೆರಳನ್ನು ಅದರ ಅಂಚಿನಲ್ಲಿ ತೂರಿಸಿ, "ನೋಯೋದು ಇಲ್ಲಾ?" ಎಂದಿತು.

"ಅಲ್ಲೇ! ಆ!"

ಬೆರಳಿಗೆ ಸಿಕ್ಕಿದ್ದು ಓಲೆಯ ತಿರುಪು.

ಐದು ವರ್ಷದ ಹಿಂದೆ ಹಂಸಾಗೆ ಕಿವಿ ಚುಚ್ಚಿಸಿದಾಗ ಈ ಚಿನ್ನದ ಓಲೆ ಹಾಕಿದ್ದು ಅಜ್ಜಿಯೇ. "ನಮ್ಮನೆ ಹೆಣ್ಮಕ್ಳು ಬರಿ ಕಿವೀಲಿ ಇರಂಗಿಲ್ಲ" ಎಂದು ಅಂದೇ ಅಪ್ಪಣೆಯಾಗಿತ್ತು. ಸ್ನಾನವಿರಲಿ, ಜ್ವರವಿರಲಿ, ಆ ಓಲೆ ಕಿವಿ ಬಿಟ್ಟು ಇಳಿದಿರಲಿಲ್ಲ. ಹೆಡ್‌ಫೋನ್ ಒತ್ತಿದಾಗಲೆಲ್ಲ ಅದರ ತಿರುಪು ಹಿಂದಿನ ಚರ್ಮಕ್ಕೆ ಚುಚ್ಚುತ್ತಿತ್ತು. ಕಿವಿಯ ಮೇಲೆ ಹಾಕುವುದನ್ನು ಮತ್ತೆ ಮತ್ತೆ ಬದಲಾಯಿಸಿದ್ದರು. ಕಿವಿಯಲ್ಲೇ ಇದ್ದದ್ದರ ಕಡೆಗೆ ಯಾರ ಗಮನವೂ ಹೋಗಿರಲಿಲ್ಲ.

"ನೋಯುತ್ತೆ ಅಂತ ಯಾಕೆ ಹೇಳ್ಲಿಲ್ಲ? ಅಂಗಡೀಲಿ ಎರಡೆರಡು ಸಲ ಕೇಳಿದೆನಲ್ಲೇ!"

ಹಂಸಾಗೆ ಅಳು ಒತ್ತರಿಸಿ ಬಂತು. "ಹೇಳಿದ್ರೆ ಇನ್ನೊಂದು ಅಂಗಡಿಗೆ ಹೋಗ್ಬೇಕಿತ್ತು. ನಿಂಗೆ ತುಂಬಾ ಸುಸ್ತಾಗಿತ್ತು."

ಅಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಆಮೇಲೆ ಮೆಲ್ಲಗೆ, "ಅತ್ತೆ, ಓಲೆ..." ಎಂದು ಅರ್ಧಕ್ಕೇ ನಿಲ್ಲಿಸಿದಳು.

ಅಜ್ಜಿ ಓಲೆಯನ್ನೇ ನೋಡುತ್ತ ಕೂತಿತು. ಅಜ್ಜಿಯ ಕಣ್ಣಿಗೆ ಆ ಓಲೆ ಎಷ್ಟು ಚೆಂದ ಎಂದು ಹಂಸಾಗೆ ಗೊತ್ತಿತ್ತು.

"ಎಣ್ಣೆ ಬಟ್ಲು ಇಂಗೆ ಕೊಡು. ಮಗ, ಅಲ್ಲಾಡ್ಬೇಡ."

ಐದು ವರ್ಷದ ತಿರುಪು, ಸುಮ್ಮನೆ ಬರುತ್ತದೆಯೇ? ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ಅಜ್ಜಿಯ ಹೆಬ್ಬೆರಳು ಕೆಂಪಾಯಿತು. ಕೊನೆಗೂ ಎರಡೂ ಓಲೆ ಕೈಗೆ ಬಂದವು. ಅಜ್ಜಿ ಅವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿತು.

"ಹಂಗೇ ಬಿಟ್ರೆ ತೂತು ಮುಚ್ಕೋತದೆ. ತಡಿ" ಎಂದು ಎದ್ದು ಗೇಟಿನ ಪಕ್ಕದ ಬೇವಿನ ಮರದ ಹತ್ತಿರ ಹೋಯಿತು. ಒಂದು ಎಲೆಯ ಕಡ್ಡಿ ಮುರಿದು, ತೊಳೆದು, ಅಕ್ಕಿ ಕಾಳಿನಷ್ಟು ಎರಡು ತುಂಡು ಮಾಡಿ ಕಿವಿಯ ತೂತಿಗೆ ಸೇರಿಸಿತು. "ನಾನು ಚಿಕ್ಕೋಳಾಗಿದ್ದಾಗ ಇದೇ ಹಾಕ್ಕೊಂಡಿದ್ದು. ಕೋಣನಕುಂಟೇಲಿ ನಮಗ್ಯಾರು ಓಲೆ ಮಾಡಿಸ್ತಿದ್ರು? ಈಗ ಹಾಕ್ಕೊ ನಿನ್ನ ಆ ಡಬ್ಬಾನ."

ಹಂಸಾ ಹಾಕಿಕೊಂಡಳು. ಅರ್ಧ ಗಂಟೆ ಆಯಿತು. ಒಂದು ಗಂಟೆಯೂ ಆಯಿತು. ನೋಯಲಿಲ್ಲ.

ಸೋಮವಾರ ಹತ್ತಕ್ಕೆ ಸರಿಯಾಗಿ ಗಡಗಡ ಶುರುವಾಯಿತು. ಹಂಸಾ ಬಟನ್ ಒತ್ತಿದಳು. ಸದ್ದು ಪೂರ್ತಿ ಹೋಗಲಿಲ್ಲ, ದೂರ ಹೋಯಿತು. ಮಿಸ್ ಪಾಠ ಹೇಳುವುದು ಸಣ್ಣದಾಗಿ ಕೇಳಿಸುತ್ತಿತ್ತು. ಅಷ್ಟು ಸಾಕು. ಹೆಡ್ ಮಿಸ್ ಎರಡು ಸಲ ಬಾಗಿಲಲ್ಲಿ ಇಣುಕಿ ಹೋದರು. ಎರಡು ಸಲವೂ ಹಂಸಾ ಡೆಸ್ಕಿನ ಕೆಳಗಲ್ಲ, ಬೆಂಚಿನ ಮೇಲೇ ಇದ್ದಳು.

"ಕಿವೀಲಿ ಕಡ್ಡಿ! ಸಖತ್ತಾಗಿದೆ ಕಣೆ. ನಂಗೂ ಬೇಕು" ಎಂದಳು ಇಂಚರ, ಊಟದ ಹೊತ್ತಿಗೆ.

ಅಮ್ಮ ಸಂಜೆ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಹೇಗಿತ್ತು?"

"ಚೆ..." ಎಂದ ಹಂಸಾ ಅಲ್ಲೇ ನಿಲ್ಲಿಸಿದಳು. ನೆತ್ತಿಯ ಮೇಲೆ ಬೆರಳಿಟ್ಟು ತೋರಿಸಿದಳು. "ಇಲ್ಲಿ ಒತ್ತುತ್ತೆ. ಕಿವಿ ನೋಯ್ಲಿಲ್ಲ. ನಾಳೆನೂ ಬಾ ಅಂದ್ರು ಹೆಡ್ ಮಿಸ್. ಲಾಸ್ಟ್ ಬೆಲ್‌ವರೆಗೂ ಕೂತಿದ್ದೆ."

"ಲಾಸ್ಟ್ ಬೆಲ್‌ವರೆಗೂ!" ಅಮ್ಮ ಅವಳ ನೆತ್ತಿ ಮುಟ್ಟಿ ನೋಡಿದಳು. "ಒತ್ತೋ ಜಾಗಕ್ಕೆ ಹಳೇ ಟವೆಲ್ ಸುತ್ತೋಣ ಬಿಡು. ಅದೇನ್ ಮಹಾ!"

ಉಫ್ ಎನ್ನಲೇ ಇಲ್ಲ ಅಮ್ಮ.

ಜೇಬಿನ ಸೀಟಿ ತೆಗೆದು ಕಪಾಟಿನ ಮೇಲಿಟ್ಟು ಗೋಡೆಗೆ ಒರಗಿ ಕೂತಳು. ಮೇಲಿನ ಮನೆಯಲ್ಲಿ ಮಿಕ್ಸಿ ಶುರುವಾಯಿತು. ರಸ್ತೆಯಲ್ಲಿ ಯಾರೋ ಹಾರ್ನ್ ಹೊಡೆಯುತ್ತಲೇ ಇದ್ದರು. ಅಮ್ಮ ಹಣೆ ಒತ್ತಿಕೊಂಡಳು.

ಹಂಸಾ ಹೆಡ್‌ಫೋನ್ ತಂದು ಅಮ್ಮನ ತಲೆಗೆ ಹಾಕಿ ಬಟನ್ ಒತ್ತಿದಳು.

ಅಮ್ಮನ ಭುಜ ಮೆಲ್ಲಗೆ ಕೆಳಗಿಳಿಯಿತು. ಕಣ್ಣು ಮುಚ್ಚಿತು. ದಿನವಿಡೀ ಸೀಟಿ, ಹಾರ್ನು, ಎಂಜಿನ್ನು, ಚಿಲ್ಲರೆ ಜಗಳ. ಅಮ್ಮನ ಕಿವಿಗೂ ಸುಸ್ತಾಗುತ್ತದೆ ಎಂದು ಹಂಸಾ ಯೋಚಿಸಿಯೇ ಇರಲಿಲ್ಲ.

ಹತ್ತು ನಿಮಿಷವಾಯಿತು. ಅಮ್ಮನ ಕೈ ಕಿವಿಯ ಹಿಂದೆ ಹೋಗಿ, ಸವರಿ, ಮತ್ತೆ ಮಡಿಲಿಗೆ ಬಂತು. ಇನ್ನೊಂದು ಸಲ ಹೋಯಿತು, ಬಂತು.

ಹಂಸಾ ಹೆಡ್‌ಫೋನಿನ ಒಂದು ಬದಿ ಸರಿಸಿ ಕೇಳಿದಳು. "ನೋಯ್ತಿದ್ಯಾ ಅಮ್ಮ?"

"ಇಲ್ಲ ಕಣೆ" ಎಂದಳು ಅಮ್ಮ ಕಣ್ಣು ತೆರೆಯದೆ. "ಚೆನ್ನಾಗಿದೆ."

ಆ "ಚೆನ್ನಾಗಿದೆ" ಎಂಥದ್ದು ಎಂದು ಹಂಸಾಗೆ ಚೆನ್ನಾಗಿ ಗೊತ್ತಿತ್ತು. ಬಗ್ಗಿ ಅಮ್ಮನ ಕಿವಿಯ ಹಿಂದೆ ನೋಡಿದಳು. ಅಮ್ಮನ ಓಲೆಯ ತಿರುಪಿನ ಪಕ್ಕ ಆಗಲೇ ಕೆಂಪಗಾಗಿತ್ತು.

ಅವಳು ಎದ್ದು ಹೊರಗೆ ಹೋದಳು. ಅಜ್ಜಿ ಮೆಟ್ಟಿಲ ಮೇಲೆ ಹೂ ಕಟ್ಟುತ್ತಾ ಕೂತಿತ್ತು.

"ಅಜ್ಜಿ, ಬೇವಿನ ಕಡ್ಡಿ ಇನ್ನೆರಡು ಬೇಕು."